ಕೊಕ್ಕೆಯ ಇಂಗ್ಲಿಷ್ ಕಲಿಸಿದ ವರ್ಷ

ಹೋದ ತಿಂಗಳು ಶುಂಠಿ ಬೆಳೆ ನೋಡಲೆಂದು ಅರಕಲಗೂಡಿಗೆ ಹೋಗಿದ್ದೆ. ವ್ಯಾಪಾರ ಕುದುರಲಿಲ್ಲ. ವಾಪಸು ಹಾಸನದ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಸಣ್ಣಗೆ ಮಳೆ ಹನಿಯಿತು. ಪಕ್ಕದ ಚಪ್ಪರದಲ್ಲಿ ಯಾರೋ ಹೊಗೆಸೊಪ್ಪಿನ ಎಲೆ ಪೋಣಿಸಿ ಒಣಹಾಕಿದ್ದರು. ಅರೆ ಒಣಗಿದ ಎಲೆಗೆ ಮಳೆ ತಾಗಿದರೆ ಒಂದು ವಾಸನೆ ಏಳುತ್ತದೆ, ಬೆಲ್ಲ ಸೀದ ಹಾಗೆ, ಒದ್ದೆ ಗೋಣಿಚೀಲದ ಹಾಗೆ. ಆ ವಾಸನೆಗೆ ನಾನು ಎಷ್ಟು ಮೈಮರೆತೆನೆಂದರೆ ಬಸ್ಸು ಬಂದು ನಿಂತು ಹೊರಟುಹೋದದ್ದೂ ತಿಳಿಯಲಿಲ್ಲ. ಮುಂದಿನ ಬಸ್ಸಿಗೆ ಒಂದೂವರೆ ಗಂಟೆ ಇತ್ತು. ಅಷ್ಟು ಹೊತ್ತೂ ಅಲ್ಲಿ ಕೂತು ನೆನೆಸಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ.

ನನ್ನನ್ನು ಹಾಸನದಲ್ಲಿ ಆಲೂಗಡ್ಡೆ ಮಂಡಿಯವನೆಂದೇ ಎಲ್ಲರೂ ಬಲ್ಲರು. ನಾನು ಒಂದು ವರ್ಷ ಮೇಷ್ಟ್ರಾಗಿದ್ದೆ ಎಂದರೆ ನನ್ನ ಮಕ್ಕಳೇ ನಗುತ್ತಾರೆ. ಆಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಇಪ್ಪತ್ತೆರಡು. ಅರಕಲಗೂಡಿಗೂ ಹೊಳೆನರಸೀಪುರಕ್ಕೂ ನಡುವೆ ಒಂದು ಊರು. ಹೆಸರು ಬೇಡ, ಆ ಮನೆಯವರು ಈಗಲೂ ಅಲ್ಲಿರಬಹುದು. ಅಲ್ಲಿನ ಮಿಡ್ಲ್ ಸ್ಕೂಲಿಗೆ ಹಂಗಾಮಿ ಮೇಷ್ಟ್ರಾಗಿ ಸೇರಿದೆ. ಇಂಗ್ಲಿಷಿನ ಮುಖವನ್ನೇ ನೋಡದ ಮಕ್ಕಳಿಗೆ ಅದನ್ನು ಶುರು ಮಾಡಿಸುವುದು ನನ್ನ ಕೆಲಸ.

ನನ್ನ ಇಂಗ್ಲಿಷ್ ಪುಸ್ತಕದಿಂದ ಬಂದದ್ದಲ್ಲ. ಅಪ್ಪ ಸತ್ತ ಮೇಲೆ ಹಾಸನದ ರೈಲ್ವೆ ಸ್ಟೇಷನ್ನಿನಲ್ಲಿ ಕಡಲೆಕಾಯಿ ಮಾರಿಕೊಂಡು ಓದಿದವನು ನಾನು. ಅಲ್ಲೊಬ್ಬ ಗಾರ್ಡ್ ಇದ್ದ, ಆಂಗ್ಲೋ-ಇಂಡಿಯನ್. ದಿನಾ ಒಂದು ಪೊಟ್ಟಣ ಕಡಲೆಕಾಯಿ ಪುಕ್ಕಟೆ ಕೊಡುತ್ತೇನೆ, ನೀವು ದಿನಾ ನನ್ನ ಜೊತೆ ಹತ್ತು ಮಾತು ಇಂಗ್ಲಿಷಿನಲ್ಲಿ ಆಡಬೇಕು ಎಂದು ಅವನ ಹತ್ತಿರ ಒಪ್ಪಂದ ಮಾಡಿಕೊಂಡೆ. ಡೋಂಟ್, ಕಾಂಟ್, ವೋಂಟ್, ಐಲ್, ಹಿ'ಸ್. ಅವನ ಬಾಯಲ್ಲಿ ಎಲ್ಲವೂ ಹೀಗೇ ಅರ್ಧ ನುಂಗಿ ಬರುತ್ತಿತ್ತು. ಕಾಲೇಜಿಗೆ ಹೋದವರಿಗೂ ಬರದ ಇಂಗ್ಲಿಷ್ ನನಗೆ ಬರುತ್ತದೆ ಎಂಬ ಸೊಕ್ಕು ನನಗೆ ಹತ್ತಿದ್ದು ಅಲ್ಲೇ.

ಜೂನ್ ತಿಂಗಳು ಸೇರಿದ ಮೊದಲ ವಾರದಲ್ಲೇ ಆ ಸೊಕ್ಕು ಅರ್ಧ ಇಳಿಯಿತು. ಕನ್ನಡದಲ್ಲಿ ಒಂದು ಅಕ್ಷರಕ್ಕೆ ಒಂದೇ ಉಚ್ಚಾರ. ಇಂಗ್ಲಿಷಿನ 'ಎ' ಹಾಗಲ್ಲ. ಕ್ಯಾಟ್‌ನಲ್ಲಿ ಒಂದು, ಕೇಕ್‌ನಲ್ಲಿ ಇನ್ನೊಂದು, ಕಾರ್‌ನಲ್ಲಿ ಮತ್ತೊಂದು. ಒಬ್ಬನೇ ಆಳು ಮೂರು ಮನೆಗೆ ದುಡಿಯುವ ಹಾಗೆ ಎಂದು ನಾನು ವಿವರಿಸಿದೆ. ಹಿಂದಿನ ಸಾಲಿನಿಂದ ಒಬ್ಬ ಕೇಳಿದ: "ಮೂರು ಮನೇಲೂ ಉಣ್ಣಕ್ಕೆ ಆಕ್ತಾರಾ ಸಾ?"

ಇನ್ನು ಬಾಯಿಯ ವಿಷಯ. ನಮ್ಮ ಕಡೆ ಮಾತಿನ ಮೊದಲಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೋಗು ಓಗು ಆಗುತ್ತದೆ. ಬೋರ್ಡಿನ ಮೇಲೆ ಕೋಳಿಯ ಚಿತ್ರ ಬರೆದು 'ಹೆನ್' ಅಂದರೆ ಇಡೀ ತರಗತಿ 'ಎನ್' ಅನ್ನುತ್ತಿತ್ತು.

"ಸಾ, ಎನ್ ಅಂದ್ರೆ ಕೋಳಿನೋ, ಅಕ್ಸರಾನೋ?"

"ಹೆನ್ ಕಣೋ, ಹೆನ್. ಹೊಟ್ಟೆಯಿಂದ ಉಸಿರು ಬಿಡು."

"ಒಟ್ಟೆಯಿಂದ್ಲೇ ಬುಡ್ತಾ ಇವ್ನಿ ಸಾ."

ಹೀಗೆ ಕೇಳಿದವರನ್ನೆಲ್ಲ ನಗಿಸುತ್ತಿದ್ದ ಆ ತರಗತಿಯಲ್ಲಿ ನಗದೆ, ತುಟಿ ಮಾತ್ರ ಅಲುಗಿಸುತ್ತ ನನ್ನ ಬಾಯನ್ನೇ ನೋಡುತ್ತಿದ್ದವಳು ಚಿಕ್ಕತಾಯಿ. ಹನ್ನೊಂದು ವರ್ಷದ ಹುಡುಗಿ. ಊರಾಚೆಯ ಕೇರಿಯಿಂದ ಮಿಡ್ಲ್ ಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗು. ಅವಳ ಅಪ್ಪ ದೊಡ್ಡಯ್ಯ, ಊರ ಗೌಡರ ಹೊಗೆಸೊಪ್ಪಿನ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದ. ಬಿತ್ತನೆ, ಕಳೆ, ಎಲೆ ಕೀಳುವುದು, ಯಾವುದಕ್ಕೂ ಮಗಳನ್ನು ಶಾಲೆ ಬಿಡಿಸುತ್ತಿರಲಿಲ್ಲ. ಬೆಳಿಗ್ಗೆ ಕೆಲಸ ಮುಗಿಸಿಯೇ ಅವಳು ಬರುತ್ತಿದ್ದಳು. ಹೊಗೆಸೊಪ್ಪಿನ ಅಂಟು ಹತ್ತಿ ಬೆರಳ ತುದಿ ಕಪ್ಪಾಗಿರುತ್ತಿತ್ತು, ಕಾಪಿ ಪುಸ್ತಕದ ಮೂಲೆಯೂ ಕಪ್ಪು. ಅವಳ ಪುಸ್ತಕ ತಿದ್ದಲು ತೆಗೆದರೆ ನಾನು ಮೊದಲು ಹೇಳಿದ ಆ ವಾಸನೆ.

ಶ್ರಾವಣದ ಹೊತ್ತಿಗೆ ನನಗೊಂದು ಉಪಾಯ ಹೊಳೆಯಿತು. ಪುಸ್ತಕದಲ್ಲಿ 'ವಿಲ್ ನಾಟ್', 'ಕ್ಯಾನ್ ನಾಟ್' ಎಂದು ಬಿಡಿಸಿ ಬಿಡಿಸಿ ಕೊಟ್ಟಿದ್ದರು. ಮಕ್ಕಳು ಅದನ್ನು ಪೂಜೆಯ ಮಂತ್ರದ ಹಾಗೆ ಒಪ್ಪಿಸುತ್ತಿದ್ದರು, ಮಾತು ಅಂತ ಅವರಿಗೆ ಅನ್ನಿಸುತ್ತಲೇ ಇರಲಿಲ್ಲ. ಒಂದು ದಿನ ಪುಸ್ತಕ ಮುಚ್ಚಿಸಿ ಕೇಳಿದೆ: "ನಿಮ್ಮಲ್ಲಿ ಯಾರಾದರೂ ಮನೆಯಲ್ಲಿ 'ನಾನು ಬರುತ್ತೇನೆ' ಅಂತೀರಾ?"

ಎಲ್ಲರೂ ನಕ್ಕರು. "ಬತ್ತೀನಿ ಅಂತೀವಿ ಸಾ."

"ಬಂದುಬಿಟ್ಟನು?"

"ಬಂದ್ಬುಟ್ಟ."

"ನಡುವೆ ಇದ್ದ ಅಕ್ಷರ ಎಲ್ಲಿಗೆ ಹೋದವು?"

ಚಿಕ್ಕತಾಯಿ ಎದ್ದು ನಿಂತಳು. "ನುಂಗ್ಬುಟ್ವಿ ಸಾ."

"ಅಷ್ಟೇ ಕಣಮ್ಮಿ. ಇಂಗ್ಲಿಷಿನವರೂ ನಮ್ಮ ಹಾಗೇ ನುಂಗುತ್ತಾರೆ. ಆದರೆ ಲೆಕ್ಕಸ್ಥರು, ನುಂಗಿದ ಜಾಗದಲ್ಲಿ ಗುರುತಿಗೆ ಮೇಲೊಂದು ಕೊಕ್ಕೆ ಹಾಕುತ್ತಾರೆ."

ಆ ದಿನದಿಂದ ತರಗತಿಯೇ ಬದಲಾಯಿತು. ಐ ವಿಲ್ ಅನ್ನುವುದು ಐಲ್ ಆಯಿತು, ಡು ನಾಟ್ ಡೋಂಟ್ ಆಯಿತು. ಅದಕ್ಕೆ 'ಕೊಕ್ಕೆ ಇಂಗ್ಲಿಷ್' ಎಂದು ಮಕ್ಕಳೇ ಹೆಸರಿಟ್ಟರು. ಎಲೆ ಪೋಣಿಸುವ ಚಪ್ಪರದಲ್ಲಿ, ಕೆರೆಯ ಏರಿಯ ಮೇಲೆ, ಎಲ್ಲ ಕಡೆ ಡೋಂಟ್, ಕಾಂಟ್. ನನಗೆ ಹೆಮ್ಮೆಯಾಗಿತ್ತು. ಈಗಲೂ ಹೇಳುತ್ತೇನೆ, ಕಲಿಸುವವರಿಗೆ ಇದು ನನ್ನ ಸಲಹೆ: ಮಕ್ಕಳ ಬಾಯಲ್ಲಿ ಮೊದಲೇ ಏನಿದೆಯೋ ಅದನ್ನು ಬಂಡವಾಳ ಮಾಡಿಕೊಳ್ಳಿ. ಆದರೆ ಬಂಡವಾಳದೊಳಗೆ ಹುಳ ಇದೆಯೇ ಎಂದೂ ನೋಡಿಕೊಳ್ಳಬೇಕು. ನಾನು ನೋಡಲಿಲ್ಲ ಅಂತಲ್ಲ. ನೋಡಿಯೂ ಬಿಟ್ಟೆ.

ಆ ಹುಳ ಇದು. ನಮ್ಮ ಕಡೆ ಓಕಾರ ವಾ ಆಗುತ್ತದೆ. ತೋಟ ಅನ್ನುವುದು ತ್ವಾಟ, ಕೋಟೆ ಕ್ವಾಟೆ. ಅದೇ ಬಾಯಲ್ಲಿ 'ವೋಂಟ್' ಏನಾಗಬೇಕು? 'ವಾಂಟ್' ಆಯಿತು. ವೋಂಟ್ ಅಂದರೆ ಒಲ್ಲೆ, ವಾಂಟ್ ಅಂದರೆ ಬೇಕು. ಪೂರ್ತಿ ಉಲ್ಟಾ. ಉಳಿದ ಮಕ್ಕಳಿಗೆ ಹತ್ತು ಸಲ ತಿದ್ದಿದ ಮೇಲೆ ಒಂದು ಸಲವಾದರೂ ಸರಿ ಬರುತ್ತಿತ್ತು. ಚಿಕ್ಕತಾಯಿಗೆ ಬರುತ್ತಲೇ ಇರಲಿಲ್ಲ. ಸ್ಲೇಟಿನ ಮೇಲೆ ತಪ್ಪಿಲ್ಲದೆ ಬರೆಯುತ್ತಿದ್ದಳು, ಕೊಕ್ಕೆಯನ್ನೂ ಸರಿಯಾದ ಜಾಗದಲ್ಲೇ ಹಾಕುತ್ತಿದ್ದಳು. ಬಾಯಿ ತೆರೆದರೆ 'ಐ ವಾಂಟ್'.

ನಾನು ಏನು ಮಾಡಿದೆ? ಸ್ಟಾಫ್ ರೂಮಿನಲ್ಲಿ ಅದನ್ನು ತಮಾಷೆ ಮಾಡಿದೆ. ಅವಳ ಹಾಗೇ ಕೈಕಟ್ಟಿ ನಿಂತು, "ಐ ವಾಂಟ್ ಟೆಲ್ ಲೈಸ್ ಸಾ" ಎಂದು ಅಣಕಿಸಿದರೆ ಹೆಡ್‌ಮಾಸ್ಟರು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ನಗು ಮುಗಿದ ಮೇಲೆ ಅವರೇ ಒಂದು ಸಲ ಅಂದರು: "ನಗೋದು ಸರಿ ಕಣ್ರೀ, ಪುಸ್ತಕದಲ್ಲಿಲ್ಲದ ಈ ಕೊಕ್ಕೆ ಎಲ್ಲ ಯಾಕೆ? ವಿಲ್ ನಾಟ್ ಅಂದ್ರೆ ನಿಮ್ಮ ನಾಲಿಗೆ ಸವೀತದಾ?"

"ಬರೆಯೋದು ಪುಸ್ತಕದ ಥರವೇ ಬರೆಸ್ತೀನಿ ಸಾರ್. ಬಾಯಿಮಾತಿಗೆ ಮಾತ್ರ ಕೊಕ್ಕೆ ಬಿಟ್ಟುಕೊಡಿ. ಬೇಕಾದ್ರೆ ನಿಮ್ಮ ಹಾಜರಾತಿ ತಃಖ್ತೆ ಎಲ್ಲ ನಾನೇ ಬರೆದುಕೊಡ್ತೀನಿ."

"ನೀವು ಮೇಷ್ಟ್ರಾಗೋ ಬದಲು ಸಂತೇಲಿ ಕೂರಬೇಕಿತ್ತು," ಅಂದು ತಃಖ್ತೆಗಳನ್ನು ನನ್ನ ಕಡೆ ತಳ್ಳಿದರು. ನಾನೇ ಗೆದ್ದೆ ಅಂದುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಸುದ್ದಿ ಬಂತು. ಹಾಸನದಲ್ಲಿ ಹೆಣ್ಣುಮಕ್ಕಳ ಒಂದು ಹಾಸ್ಟೆಲ್ಲಿದೆ. ನಮ್ಮ ಸುತ್ತಿನ ಶಾಲೆಗಳಿಂದ ಒಬ್ಬ ಹುಡುಗಿಯನ್ನು ಆರಿಸುತ್ತಾರೆ. ಆರಿಸಿದವಳಿಗೆ ಹೈಸ್ಕೂಲು ಮುಗಿಯುವವರೆಗೂ ಊಟ, ವಸತಿ, ಪುಸ್ತಕ. ಆರಿಸಲು ಒಬ್ಬ ಮೇಡಂ ಬರುತ್ತಾರೆ. ಅವರೇ ಹೊಸ ಮೇಷ್ಟ್ರುಗಳ ಇಂಗ್ಲಿಷ್ ಪಾಠ ನೋಡಿ ವರದಿಯನ್ನೂ ಬರೆಯುತ್ತಾರೆ. ನನ್ನ ಕೆಲಸ ಖಾಯಂ ಆಗುವುದೋ ಇಲ್ಲವೋ ಆ ವರದಿಯ ಮೇಲೆ ನಿಂತಿತ್ತು.

ದೊಡ್ಡಯ್ಯ ಶಾಲೆಯ ಬಾಗಿಲಿಗೆ ಬಂದ. ಟವೆಲನ್ನು ಹೆಗಲಿನಿಂದ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡು ನಿಂತ. "ಸಾ, ನಮ್ಮ ಮಗಾಗೆ ಆಗ್ತದಾ?"

"ಅವಳಿಗೆ ಆಗದಿದ್ದರೆ ಇನ್ನಾರಿಗೆ ಆಗುತ್ತೆ ದೊಡ್ಡಯ್ಯ. ನೀನು ಮಾತ್ರ ಆಮೇಲೆ ಕುಯ್ಲು, ಒಕ್ಕಣೆ ಅಂತ ವಾಪಸು ಕರೆಯಬಾರದು. ಹಿಂದೆ ಹಾಗೆ ಕರೆಸಿಕೊಂಡವರಿಂದ ಎಷ್ಟೋ ಸೀಟು ಹಾಳಾಗಿದೆಯಂತೆ, ಅದಕ್ಕೇ ಆ ಮೇಡಂ ಅದನ್ನೇ ಕೇಳ್ತಾರಂತೆ."

"ನಾನ್ಯಾಕ್ ಸಾ ಕರೀಲಿ. ಅವ್ಳೇ ಬತ್ತೀನಿ ಅಂದ್ರೂ ವಾಪಸ್ ಕಳ್ಸ್‌ತೀನಿ."

ಹತ್ತು ದಿನ ಅವಳನ್ನು ತಯಾರು ಮಾಡಿದೆ. ಅಪ್ಪ ಕರೆದರೆ ಮನೆಗೆ ಹೋಗುತ್ತೀಯಾ ಎಂದು ಕೇಳಿದರೆ 'ಐ ವೋಂಟ್ ಗೋ ಹೋಮ್' ಅನ್ನಬೇಕು. ಸಲಹೆ ಕೊಡುವುದರಲ್ಲಿ ನಾನು ಆಗಲೂ ಹಿಂದೆ ಬಿದ್ದವನಲ್ಲ: ಕೈ ಆಡಿಸಬೇಡ, ತಲೆ ಆಡಿಸಬೇಡ, ನೆಟ್ಟಗೆ ನಿಂತು ಗಟ್ಟಿಯಾಗಿ ಹೇಳು ಎಂದೆಲ್ಲ ಹೇಳಿಕೊಟ್ಟೆ. ವಾಂಟ್ ಅಂದಳು, ತಿದ್ದಿದೆ. ಮತ್ತೆ ವಾಂಟ್ ಅಂದಳು. 'ವಿಲ್ ನಾಟ್' ಅನ್ನು ಸಾಕು ಎಂದಿದ್ದರೆ ಮುಗಿದುಹೋಗುತ್ತಿತ್ತು. ಕೊಕ್ಕೆ ಇಂಗ್ಲಿಷ್ ಕೇಳಿ ಮೇಡಂ ಬೆರಗಾಗಬೇಕು ಎಂಬ ಆಸೆ ನನ್ನದು. ಇಲ್ಲವೇ, ಊದುಗೊಳವೆಗೆ ಬಾಯಿಟ್ಟು ಒಲೆ ಊದುವ ಹಾಗೆ ತುಟಿ ದುಂಡಗೆ ಮಾಡಮ್ಮಿ ಎಂದಿದ್ದರೂ ಆಗುತ್ತಿತ್ತು. ದಿನಾ ಒಲೆ ಊದುತ್ತಿದ್ದ ಹುಡುಗಿ, ಒಂದು ಸಂಜೆಯಲ್ಲಿ ಕಲಿಯುತ್ತಿದ್ದಳು. ಈ ಉಪಾಯ ನನಗೆ ಹೊಳೆದದ್ದು ಮದುವೆಯಾದ ಮೇಲೆ, ನನ್ನ ಹೆಂಡತಿ ಒಲೆಯ ಮುಂದೆ ಕೂತದ್ದನ್ನು ನೋಡಿ. ಅವತ್ತು ನನಗೆ ಊಟ ಸೇರಲಿಲ್ಲ.

ಮೇಡಂ ಜೀಪಿನಲ್ಲಿ ಬಂದರು. ಮದರಾಸಿನ ಕಡೆಯವರು, ಕನ್ನಡ ಅಷ್ಟಕ್ಕಷ್ಟೆ. ತೆಳ್ಳಗೆ, ಕಟ್ಟುನಿಟ್ಟು, ಒಳ್ಳೆಯವರೇ. ಮೊದಲು ಹಿಂದೆ ಕೂತು ನನ್ನದೊಂದು ಪುಸ್ತಕದ ಪಾಠ ಕೇಳಿದರು, ಆಮೇಲೆ ಮೂರು ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆದರು. ಹೆಡ್‌ಮಾಸ್ಟರು ಅವರ ಪಕ್ಕದಲ್ಲಿ ಕೂತಿದ್ದರು, ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಚಿಕ್ಕತಾಯಿ ಕೊನೆಯವಳು. ಬೆರಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದುಕೊಂಡು ಬಂದಿದ್ದಳು. ಓದಿದಳು, ಬರೆದಳು, ಲೆಕ್ಕ ಮಾಡಿದಳು. ಮೇಡಂ ಮುಖ ಅರಳಿತು. ಕೊನೆಗೆ, ನಾನು ಹೇಳಿದ್ದ ಪ್ರಶ್ನೆಯೇ ಬಂತು. ಅಪ್ಪ ಕರೆದರೆ ಮನೆಗೆ ಹೋಗುತ್ತೀಯಾ, ಇಂಗ್ಲಿಷಿನಲ್ಲಿ, ನಿಧಾನವಾಗಿ.

ಚಿಕ್ಕತಾಯಿ ಕೈ ಆಡಿಸಲಿಲ್ಲ, ತಲೆ ಆಡಿಸಲಿಲ್ಲ. ನೆಟ್ಟಗೆ ನಿಂತು ಗಟ್ಟಿಯಾಗಿ ಹೇಳಿದಳು:

"ಐ ವಾಂಟ್ ಗೋ ಓಮ್, ಮೇಡಂ."

ಮೇಡಂ ಸ್ವಲ್ಪ ಹಿಂದಕ್ಕೆ ಒರಗಿದರು. ಇನ್ನೊಮ್ಮೆ ಕೇಳಿದರು. ಅವಳು ಇನ್ನೂ ಗಟ್ಟಿಯಾಗಿ ಅದನ್ನೇ ಹೇಳಿದಳು. ಮೇಡಂ ಏನೋ ಬರೆದುಕೊಂಡರು.

ಹೆಡ್‌ಮಾಸ್ಟರು ನನ್ನ ಕಡೆ ನೋಡಿದರು. ಅವರಿಗೂ ಗೊತ್ತಿತ್ತು, ನಾನೇ ಅಣಕಿಸಿ ತೋರಿಸಿದ್ದೆನಲ್ಲ. ಒಂದು ಮಾತು ಸಾಕಿತ್ತು: 'ಮೇಡಂ, ಅವಳು ಒಲ್ಲೆ ಅಂತಿದ್ದಾಳೆ, ಉಚ್ಚಾರ ನಮ್ಮ ಕಡೆಯದು.' ಆದರೆ ಸರಿ ಬಂದಿದ್ದರೆ ನನ್ನ ಜಾಣತನ ಆಗುತ್ತಿದ್ದ ಕೊಕ್ಕೆ, ಈಗ ಆ ಮಾತು ಆಡಿದರೆ ಪುಸ್ತಕ ಬಿಟ್ಟು ಕಲಿಸಿದ ತಪ್ಪಾಗಿ ಹೊರಬೀಳುತ್ತದೆ. ಕಲಿಸಿದ್ದೂ ಸರಿಯಾಗಿ ಕಲಿಸಿಲ್ಲ ಎಂದಾಗುತ್ತದೆ. ವರದಿಯ ಹಾಳೆ ಮೇಡಂ ಕೈಯಲ್ಲೇ ಇದೆ. ಜೊತೆಗೆ ನನ್ನದೊಂದು ನಿಯಮವಿತ್ತು, ಮಂಡಿಯಲ್ಲಿ ಇವತ್ತಿಗೂ ಎಲ್ಲರಿಗೂ ಹೇಳಿಕೊಡುತ್ತೇನೆ: ನಾಲ್ಕು ಜನರ ಎದುರಿಗೆ ಮಾತು ಎತ್ತಬೇಡ, ಕಾಫಿ ಕುಡಿಯುವಾಗ ಮೆಲ್ಲಗೆ ಸರಿಮಾಡಿಕೋ. ಕಾಫಿಯ ಹೊತ್ತಿಗೆ ಹೇಳಿದರಾಯಿತು ಅಂದುಕೊಂಡೆ. ಮೇಡಂ ಕಾಫಿ ಕುಡಿಯುತ್ತಿರಲಿಲ್ಲ. ಕೈಮುಗಿದು, ಹೊಳೆನರಸೀಪುರಕ್ಕೆ ಹೊತ್ತಾಯಿತು ಎಂದು ಜೀಪು ಹತ್ತಿಬಿಟ್ಟರು.

ಧೂಳು ಇನ್ನೂ ಅಡಗಿರಲಿಲ್ಲ, ಚಿಕ್ಕತಾಯಿ ಓಡಿ ಬಂದಳು. "ಸಾ, ಸರ್ಯಾಗಿ ಏಳಿದ್ನಾ?"

"ಚೆನ್ನಾಗಿ ಹೇಳಿದೆ," ಅಂದೆ.

ಮುಂದಿನ ಸೋಮವಾರ ಹಾಸನಕ್ಕೆ ಹೋಗಿ ಸರಿಪಡಿಸಿ ಬರೋಣವೆಂದಿದ್ದೆ. ಸೋಮವಾರ ಜ್ವರ ಬಂದ ಹಾಗಿತ್ತು. ಅದರ ಮುಂದಿನ ವಾರ ತಃಖ್ತೆಗಳಿದ್ದವು. ಮೂರನೇ ವಾರ ಪಟ್ಟಿಯೇ ಬಂತು, ಚನ್ನರಾಯಪಟ್ಟಣದ ಕಡೆಯ ಒಬ್ಬ ಹುಡುಗಿಯ ಹೆಸರಿತ್ತು. ಅದೇ ಟಪಾಲಿನಲ್ಲಿ ನನ್ನ ಇಂಗ್ಲಿಷ್ ಪಾಠ ಮೆಚ್ಚಿ ಎರಡು ಸಾಲು.

ದೊಡ್ಡಯ್ಯ ನಂಬಲಿಲ್ಲ. ಹಾಸನಕ್ಕೆ ನಡೆದೂ ಗಾಡಿ ಹತ್ತಿಯೂ ಹೋಗಿ ಯಾರೋ ಗುಮಾಸ್ತರನ್ನು ಕಾಡಿ ಬೇಡಿ ಕೇಳಿಕೊಂಡು ಬಂದ. ಮಾರನೇ ದಿನ ಮಗಳ ರಟ್ಟೆ ಹಿಡಿದು ಶಾಲೆಯ ಜಗಲಿಗೆ ಎಳೆದು ತಂದು ನಿಲ್ಲಿಸಿದ.

"ಇವ್ಳೇ ಮನೆಗೆ ಓಗ್ಬೇಕು ಅಂದ್ಳಂತೆ ಸಾ. ಎಲ್ಡ್ ಸಲ ಕೇಳಿದ್ರೂ ಎಲ್ಡ್ ಸಲಾನೂ ಅಂಗೇ ಅಂದ್ಳಂತೆ. ಬ್ಯಾಡ ಅಂದಿದ್ರೆ ನನ್ಗೇ ಏಳ್ಬೋದಿತ್ತಲ್ಲ. ಊರೆಲ್ಲಾ ಏಳ್ಕಂಡ್ ತಿರುಗ್ದೆ ನಾನು, ಮಗ ಆಸನಕ್ಕೋಯ್ತಾಳೆ ಅಂತ."

"ನಾನಂಗಂದಿಲ್ಲ ಕಣಪ್ಪಾ."

"ಮತ್ತೆ ಆಯಮ್ಮ ಸುಳ್ ಬರೆದ್ಲಾ?"

ಚಿಕ್ಕತಾಯಿ ನನ್ನ ಕಡೆ ತಿರುಗಿದಳು. ಅಳುತ್ತಿರಲಿಲ್ಲ. ಲೆಕ್ಕದ ಉತ್ತರ ಸರಿಯಿದ್ದೂ ತಪ್ಪು ಗುರುತು ಬಿದ್ದಾಗ ಮಕ್ಕಳು ನೋಡುತ್ತಾರಲ್ಲ, ಹಾಗೆ ನೋಡಿದಳು. "ನೀವೇ ಏಳಿ ಸಾ. ನೀವು ಅಲ್ಲೇ ಇದ್ರಿ."

ಹೆಡ್‌ಮಾಸ್ಟರು ಒಳಗಿಂದ ಕೇಳಿಸಿಕೊಳ್ಳುತ್ತಿದ್ದರು. ಖಾಯಂ ಆರ್ಡರು ಇನ್ನೂ ಬಂದಿರಲಿಲ್ಲ.

"ಹೆದರಿಕೆಯಲ್ಲಿ ಬಾಯಿ ತಪ್ಪಿರಬಹುದು ದೊಡ್ಡಯ್ಯ, ಮಗುನ ಬೈಬೇಡ," ಅಂದೆ. ಬೈಬೇಡ ಅಂದದ್ದರಿಂದ ನಾನು ಅವಳ ಪರ ವಹಿಸಿದ ಹಾಗೆ ಕಂಡಿತು. ದೊಡ್ಡಯ್ಯ ನನಗೆ ಕೈಮುಗಿದ.

ಮಾರನೇ ದಿನದಿಂದ ಅವಳ ಜಾಗ ಖಾಲಿ. ಹಾಜರಿ ಕೂಗುವಾಗ ಅವಳ ಹೆಸರಿಗೆ ಹುಡುಗರು 'ಬರಲ್ಲ ಸಾ' ಅನ್ನುತ್ತಿದ್ದರು. ನಾನು ಕೊಕ್ಕೆ ಕಲಿಸುವುದನ್ನು ಬಿಟ್ಟೆ. ಮಕ್ಕಳು ಒಂದೆರಡು ದಿನ ಕೇಳಿದರು, ಆಮೇಲೆ ವಿಲ್ ನಾಟ್, ಕ್ಯಾನ್ ನಾಟ್ ಎಂದು ಮೊದಲಿನ ಹಾಗೇ ಒಪ್ಪಿಸತೊಡಗಿದರು.

ಯುಗಾದಿಗೆ ಇನ್ನೂ ವಾರವಿರುವಾಗ ಆರ್ಡರು ಬಂತು. ಖಾಯಂ. ಹೆಡ್‌ಮಾಸ್ಟರು ಸಿಹಿ ತರಿಸಿದರು. ಆ ಬೇಸಿಗೆಗೇ ಕೆಲಸ ಬಿಡುತ್ತೇನೆಂದು ನನಗೂ ಆಗ ಗೊತ್ತಿರಲಿಲ್ಲ. ನಾನು ಆ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಸಂಜೆ ನೇರವಾಗಿ ಕೇರಿಗೆ ನಡೆದೆ. ಇನ್ನು ನನ್ನನ್ನು ಯಾರೂ ಏನೂ ಮಾಡುವ ಹಾಗಿಲ್ಲ, ಇನ್ನು ನಿಜ ಹೇಳಬಹುದು. ಲೆಕ್ಕಾಚಾರ ಅಷ್ಟೇ ಆಗಿತ್ತು. ನಿಜ ಹೇಳಿದರೆ ಅಪ್ಪನ ಎದುರಿಗೆ ಆ ಹುಡುಗಿಯ ಮಾತು ಉಳಿಯುತ್ತದೆ, ನನ್ನ ಎದೆಯ ಭಾರವೂ ಇಳಿಯುತ್ತದೆ ಎಂದುಕೊಂಡಿದ್ದೆ.

ಗುಡಿಸಲಿನ ಮುಂದೆ ಚಿಕ್ಕತಾಯಿ ಕಲ್ಲಿನ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ಬೇರೆ ಮಾಡುತ್ತಿದ್ದಳು. ದೊಡ್ಡಯ್ಯ ಗಡಬಡಿಸಿ ಎದ್ದು ಕಂಬಳಿ ಹಾಸಿದ. ನಾನು ಕೂರಲಿಲ್ಲ.

"ದೊಡ್ಡಯ್ಯ, ನಿನ್ನ ಮಗಳು ಮನೆಗೆ ಹೋಗಬೇಕು ಅನ್ನಲಿಲ್ಲ. ಹೋಗಲ್ಲ ಅಂತಲೇ ಅಂದಳು. ನಾವು ತೋಟಾನ ತ್ವಾಟ ಅಂತೀವಲ್ಲ, ಹಂಗೇ ಆ ಇಂಗ್ಲಿಷ್ ಮಾತೂ ತಿರುಗಿ ಬೇಕು ಅನ್ನೋ ಹಾಗೆ ಕೇಳಿಸ್ತು. ಬಾಯಿ ತಪ್ಪಿದ್ದು ಅವಳದಲ್ಲ. ನಾನು ಬಾಯಿಗೆ ಬರೋವರೆಗೂ ತಿದ್ದಬೇಕಿತ್ತು, ತಿದ್ದಲಿಲ್ಲ."

ದೊಡ್ಡಯ್ಯ ನಿಧಾನವಾಗಿ ಮಗಳ ಕಡೆ ನೋಡಿದ. "ಅಂಗಂದ್ಯಾ ಮಗಾ?"

"ಅಂಗೇ ಅಂದೆ ಅಂತ ಏಳ್ಲಿಲ್ವಾ," ಅಂದಳು ಅವಳು. ಕುಟ್ಟುವ ಕೈ ನಿಂತಿತು. ಏನನ್ನೋ ಕೂಡಿಸಿ ಕಳೆದು ನೋಡುತ್ತಿರುವವಳ ಹಾಗೆ ಬೀಜಗಳನ್ನು ಬೆರಳಲ್ಲಿ ಸರಿಸಿದಳು. ಆಮೇಲೆ ನನ್ನನ್ನು ಕೇಳಿದಳು:

"ಅಂಗಾರೆ ನಿಮ್ಗೆ ಅವತ್ತೇ ಗೊತ್ತಿತ್ತಾ ಸಾ?"

ಇಷ್ಟು ದಿನ ಮೇಡಂಗೆ ಕೇಳಿಸಿದ ಹಾಗೇ ಮೇಷ್ಟ್ರಿಗೂ ಕೇಳಿಸಿರಬೇಕು ಅಂದುಕೊಂಡಿದ್ದಳು ಆ ಹುಡುಗಿ. ನಾನು ಅದನ್ನು ಎಣಿಸಿಯೇ ಇರಲಿಲ್ಲ. ಯಾವ ವ್ಯಾಪಾರದಲ್ಲೂ ಎದುರಿನವನ ಮುಂದಿನ ಮಾತು ನನಗೆ ಮೊದಲೇ ಗೊತ್ತಾಗುತ್ತದೆ ಎಂದು ಜಂಬ ಕೊಚ್ಚುವವನು ನಾನು. ಈ ಒಂದು ಮಾತು ಗೊತ್ತಾಗಲಿಲ್ಲ.

"ಹೂಂ," ಅಂದೆ.

ಚಿಕ್ಕತಾಯಿ ತಲೆ ತಗ್ಗಿಸಿ ಮತ್ತೆ ಕುಟ್ಟತೊಡಗಿದಳು. ಬೀಜ ಒಂದು ಕಡೆ, ಹಣ್ಣು ಒಂದು ಕಡೆ. ಏನಾದರೂ ಅನ್ನಲಿ ಎಂದು ನಾನು ನಿಂತೇ ಇದ್ದೆ. ಮುಂದಿನ ವರ್ಷ ಮತ್ತೆ ಬರೆಸೋಣ, ನಾನೇ ಹಾಸನಕ್ಕೆ ಹೋಗಿ ಮೇಡಂ ಕಾಲು ಹಿಡಿಯುತ್ತೇನೆ ಎಂದು ಏನೇನೋ ಹೇಳಿದೆ. ಅವಳು ತಲೆ ಎತ್ತಲಿಲ್ಲ. ದೊಡ್ಡಯ್ಯ ಹಾಸಿದ ಕಂಬಳಿಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ.

ನಮ್ಮ ಕಡೆ ಬಂದವರನ್ನು ಕಳಿಸುವಾಗ 'ಹೋಗಿ ಬನ್ನಿ' ಅನ್ನುತ್ತಾರೆ. ಜಗಳ ಆಡಿದವರಿಗೂ, ಆಗದವರಿಗೂ, ಬೆನ್ನು ತಿರುಗಿಸುವ ಮುಂಚೆ ಅಷ್ಟು ಅಂದೇ ಅನ್ನುತ್ತಾರೆ. ದೊಡ್ಡಯ್ಯ ದಾರಿಯವರೆಗೂ ನನ್ನ ಜೊತೆ ನಡೆದು ಬಂದ. ಬೇಲಿಯ ಹತ್ತಿರ ನಿಂತ.

"ಓಗಿ ಸಾ," ಅಂದ.

ನಾನು ಒಂದು ಗಳಿಗೆ ಕಾದೆ. ಅವನು ಬೆನ್ನು ತಿರುಗಿಸಿ ಗುಡಿಸಲಿನ ಕಡೆ ನಡೆದ.